ಕೆಲಸದ ಸ್ಥಳದಲ್ಲಿ ಕಿರುಕುಳ

ಕೆಲಸದ ಸ್ಥಳದಲ್ಲಿ ಕಿರುಕುಳ : ಕಚೇರಿ, ಕಾರ್ಖಾನೆ, ಆಸ್ಪತ್ರೆ, ಶಾಲೆ, ಅಂಗಡಿ ಮೊದಲಾದ ದುಡಿಮೆಯ ತಾಣಗಳಲ್ಲಿ ಒಬ್ಬರನ್ನು ಬಹುಕಾಲ, ಮತ್ತೆ ಮತ್ತೆ ಅವಮಾನಕ್ಕೆ, ಬೆದರಿಕೆಗೆ ಅಥವಾ ಬಹಿಷ್ಕಾರಕ್ಕೆ ಗುರಿಮಾಡಿ, ತಮ್ಮನ್ನು ತಾವು ಕಾಪಾಡಿಕೊಳ್ಳಲಾಗದ ಸ್ಥಿತಿಗೆ ತಳ್ಳುವ ನಡವಳಿಕೆ. ಕಾಡುವವರು ಸಾಮಾನ್ಯವಾಗಿ ಮೇಲಧಿಕಾರಿಗಳು. ಸಹೋದ್ಯೋಗಿಗಳ ಗುಂಪೂ ಆಗಿರಬಹುದು. ಅಪರೂಪಕ್ಕೆ ಕೈಕೆಳಗಿನವರೇ ಒಗ್ಗೂಡಿ ಅಧಿಕಾರಿಯನ್ನು ಹಣ್ಣು ಮಾಡುವುದುಂಟು. ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು, ಪೊಲೀಸ್ ಪೇದೆಗಳು, ಸಾಫ್ಟ್‌ವೇರ್ ಎಂಜಿನಿಯರುಗಳು ಇದನ್ನು ‘ಟಾರ್ಚರ್’ ಎಂದೇ ಕರೆಯುತ್ತಾರೆ. ಭಾರತದ ಕಾನೂನಿನಲ್ಲಿ ಮಾತ್ರ ಈವರೆಗೆ ಇದಕ್ಕೆ ಪ್ರತ್ಯೇಕ ಸ್ಥಾನವಿಲ್ಲ.

ಕಿರುಕುಳವನ್ನು ಗುರುತಿಸುವುದು ಸುಲಭವಲ್ಲ. ಬಿಡಿಬಿಡಿಯಾಗಿ ನೋಡಿದರೆ ಇದರ ಬಹುಪಾಲು ಕೃತ್ಯಗಳು ತಪ್ಪೆನಿಸುವುದೇ ಇಲ್ಲ. ಮೆಮೊ ಕೊಡುವುದು, ರಜೆ ನಿರಾಕರಿಸುವುದು, ಕೆಲಸ ಬದಲಿಸುವುದು, ಒಂದು ಸಭೆಗೆ ಕರೆಯದೆ ಬಿಡುವುದು ಎಲ್ಲವೂ ಆಡಳಿತದ ಹಕ್ಕಿನೊಳಗೇ ಬರುತ್ತವೆ. ತಾರೀಖಿನ ಪ್ರಕಾರ ಸಾಲಾಗಿ ಜೋಡಿಸಿದಾಗಲೇ ಅವುಗಳ ನಿಜರೂಪ ಕಾಣುವುದು. ದೂರು ಕೇಳುವ ಅಧಿಕಾರಿ, ವಿಚಾರಣಾ ಸಮಿತಿ, ನ್ಯಾಯಾಲಯ ಮೂರೂ ಒಂದೊಂದು ಘಟನೆಯನ್ನು ಪ್ರತ್ಯೇಕವಾಗಿ ತೂಗುವುದನ್ನು ರೂಢಿಸಿಕೊಂಡಿವೆ. ನೊಂದವರ ದೂರು ‘ಇಷ್ಟಕ್ಕೇ ಇಷ್ಟೊಂದು ರಾದ್ಧಾಂತವೇ’ ಎಂಬ ಮಾತಿಗೆ ಸಿಕ್ಕಿ ಬಿದ್ದುಹೋಗುವುದು ಇಲ್ಲಿಯೇ.

ಪರಿಕಲ್ಪನೆ ಬೆಳೆದ ಬಗೆ

ದುಡಿಯುವ ಜಾಗದ ದಬ್ಬಾಳಿಕೆ ಹಳೆಯದು, ಅದನ್ನು ಅಳೆಯುವ ಪ್ರಯತ್ನ ಹೊಸದು. ಅಮೆರಿಕದ ಮನೋವೈದ್ಯ ಕ್ಯಾರಲ್ ಬ್ರಾಡ್‌ಸ್ಕಿ 1976ರಲ್ಲಿ ಕಿರುಕುಳಕ್ಕೊಳಗಾದ ಕಾರ್ಮಿಕರ ಕುರಿತು ಒಂದು ಪುಸ್ತಕ ಬರೆದರು. ಆಗ ಅದು ಹೆಚ್ಚು ಗಮನ ಸೆಳೆಯಲಿಲ್ಲ. ಈ ವಿಷಯವನ್ನು ಅಧ್ಯಯನದ ಶಿಸ್ತಾಗಿ ನಿಲ್ಲಿಸಿದವರು ಜರ್ಮನಿಯಲ್ಲಿ ಹುಟ್ಟಿ ಸ್ವೀಡನ್ನಿನಲ್ಲಿ ನೆಲೆಸಿದ ಮನಶ್ಶಾಸ್ತ್ರಜ್ಞ ಹೈಂಜ್ ಲೇಮನ್ (1932–1999). 1980ರ ದಶಕದಲ್ಲಿ ನೂರಾರು ಉದ್ಯೋಗಿಗಳನ್ನು ಮಾತನಾಡಿಸಿ ಅವರು 45 ಬಗೆಯ ಕೃತ್ಯಗಳ ಪಟ್ಟಿ ತಯಾರಿಸಿದರು. ಮಾತಿಗೆ ಅವಕಾಶ ಕೊಡದಿರುವುದು, ಒಂಟಿಯಾಗಿಸುವುದು, ಹೆಸರು ಕೆಡಿಸುವುದು, ಕೆಲಸವನ್ನು ಅರ್ಥಹೀನವಾಗಿಸುವುದು, ದೇಹಕ್ಕೆ ಅಪಾಯ ತರುವುದು ಎಂಬ ಐದು ಗುಂಪುಗಳಲ್ಲಿ ಅವು ಸೇರುತ್ತವೆ. ವಾರಕ್ಕೆ ಒಮ್ಮೆಯಾದರೂ, ಕನಿಷ್ಠ ಆರು ತಿಂಗಳು ನಡೆದರೆ ಮಾತ್ರ ಅದನ್ನು ಕಿರುಕುಳ ಎನ್ನಬೇಕೆಂಬ ಅಳತೆಯೂ ಅವರದೇ. ಆ ಅಳತೆಯಲ್ಲಿ ಸ್ವೀಡನ್ನಿನ ದುಡಿಯುವ ಜನರಲ್ಲಿ ಶೇ 3.5ರಷ್ಟು ಮಂದಿ ಇದಕ್ಕೆ ಸಿಕ್ಕಿದ್ದರು. ಆರು ತಿಂಗಳ ಗೆರೆ ಎಣಿಕೆಗೆ ಬೇಕು, ಬದುಕಿಗೆ ಬೇಡ. ಮೂರನೆಯ ವಾರದಲ್ಲೇ ನಿದ್ದೆ ಕೆಟ್ಟವರು ಇನ್ನೂ ಐದು ತಿಂಗಳು ಕಾಯಬೇಕೆಂದು ಲೇಮನ್ ಕೂಡ ಹೇಳಲಿಲ್ಲ.

ಲೇಮನ್ ಗುರುತಿಸಿದ ಹಂತಗಳು ಇಂದಿಗೂ ನಂಬಬಹುದಾದಷ್ಟು ನಿಖರವಾಗಿವೆ. ಮೊದಲು ಕೆಲಸಕ್ಕೆ ಸಂಬಂಧಿಸಿದ ಒಂದು ಸಣ್ಣ ಜಗಳ. ಅದು ಬಗೆಹರಿಯದೆ ಉಳಿದು, ಒಬ್ಬರ ಮೇಲೆ ನಿಧಾನವಾಗಿ ಗುರಿ ನೆಡುತ್ತದೆ. ನಂತರ ಆಡಳಿತ ಕಾಲಿಡುತ್ತದೆ, ಆದರೆ ಅಷ್ಟರಲ್ಲಿ ನೊಂದವರು ಸಿಡುಕರಾಗಿ, ತಪ್ಪು ಮಾಡುವವರಾಗಿ, ರಜೆ ಹಾಕುವವರಾಗಿ ಕಾಣತೊಡಗಿರುತ್ತಾರೆ. ಹಾಗಾಗಿ ಕಿರುಕುಳದ ಪರಿಣಾಮವನ್ನೇ ಆಡಳಿತ ಅದರ ಕಾರಣವೆಂದು ಓದಿಕೊಳ್ಳುತ್ತದೆ. ‘ಆ ಮನುಷ್ಯನೇ ಸರಿಯಿಲ್ಲ’ ಎಂಬ ತೀರ್ಮಾನ ಕಡತಕ್ಕೆ ಇಳಿಯುವುದು ಈ ಹಂತದಲ್ಲಿ. ಕೊನೆಯದು ಹೊರದೂಡುವಿಕೆ.

ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಸ್ಟೋಲೆ ಐನಾರ್ಸನ್ ಮತ್ತು ಸಂಗಡಿಗರು ರೂಪಿಸಿದ 22 ಪ್ರಶ್ನೆಗಳ ಪಟ್ಟಿ ಈಗ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರ ಜಾಣತನವೆಂದರೆ, ಆ ಪ್ರಶ್ನೆಗಳಲ್ಲಿ ಕಿರುಕುಳ ಎಂಬ ಮಾತೇ ಬರುವುದಿಲ್ಲ. ಕಳೆದ ಆರು ತಿಂಗಳಲ್ಲಿ ಇಂಥಿಂಥದ್ದು ನಡೆಯಿತೇ, ಎಷ್ಟು ಬಾರಿ ಎಂದಷ್ಟೇ ಕೇಳುತ್ತದೆ. ತಾನು ಕಿರುಕುಳಕ್ಕೆ ಒಳಗಾಗಿದ್ದೇನೆಂದು ಒಪ್ಪಿಕೊಳ್ಳಲು ಜನ ಹಿಂಜರಿಯುತ್ತಾರೆ. ನಡೆದದ್ದನ್ನು ಹೇಳಲು ಅಷ್ಟು ಹಿಂಜರಿಯುವುದಿಲ್ಲ.

ಬ್ರಿಟನ್ನಿನಲ್ಲಿ ಬಿಬಿಸಿ ಪತ್ರಕರ್ತೆ ಆ್ಯಂಡ್ರಿಯಾ ಆ್ಯಡಮ್ಸ್ 1992ರ ತಮ್ಮ ಪುಸ್ತಕದ ಮೂಲಕ ಇದನ್ನು ಜನರ ಮಾತಿಗೆ ತಂದರು. ಸ್ವೀಡನ್ 1993ರಲ್ಲೇ ನಿಯಮಾವಳಿ ಹೊರಡಿಸಿತು. ಕಾನೂನಿನ ದೃಷ್ಟಿಯಿಂದ ಹೆಚ್ಚು ದೂರ ಹೋದದ್ದು ಫ್ರಾನ್ಸ್. ಮನೋವೈದ್ಯೆ ಮಾರಿ-ಫ್ರಾನ್ಸ್ ಇರಿಗೊಯೆನ್ ಅವರ 1998ರ ಪುಸ್ತಕ ಅಲ್ಲಿ ದೊಡ್ಡ ಚರ್ಚೆ ಎಬ್ಬಿಸಿತು. 2002ರ ಕಾಯಿದೆ ‘ನೈತಿಕ ಕಿರುಕುಳ’ವನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ಆ ಕಾಯಿದೆಯ ನಿಜವಾದ ಪರೀಕ್ಷೆ ನಡೆದದ್ದು ಫ್ರಾನ್ಸ್ ಟೆಲಿಕಾಂ ಪ್ರಕರಣದಲ್ಲಿ. ಸರ್ಕಾರಿ ಸಂಸ್ಥೆಯಾಗಿದ್ದು ಖಾಸಗಿಯಾದ ಆ ಕಂಪನಿ, 2006ರಿಂದ ಮೂರು ವರ್ಷಗಳಲ್ಲಿ 22,000 ನೌಕರರನ್ನು ಕಡಿಮೆ ಮಾಡಲು ಹೊರಟಿತು. ಅವರಲ್ಲಿ ಬಹುಪಾಲು ಮಂದಿಗೆ ಸರ್ಕಾರಿ ನೌಕರರ ರಕ್ಷಣೆ ಇದ್ದುದರಿಂದ ವಜಾ ಮಾಡುವಂತಿರಲಿಲ್ಲ. ಉಳಿದ ದಾರಿ, ಅವರಾಗಿಯೇ ಹೋಗುವಂತೆ ಮಾಡುವುದು. ಊರಿಂದೂರಿಗೆ ಎತ್ತಂಗಡಿ, ವರ್ಷಗಟ್ಟಲೆ ತಂತಿ ಜೋಡಿಸಿದ ತಂತ್ರಜ್ಞನಿಗೆ ಫೋನ್ ಮಾರುವ ಕೆಲಸ, ಮೇಜು-ಕುರ್ಚಿ ಇದ್ದೂ ಕೆಲಸವಿಲ್ಲದ ದಿನಗಳು. ಎಷ್ಟು ಜನ ಹೊರಟರೆಂಬುದರ ಮೇಲೆ ವ್ಯವಸ್ಥಾಪಕರ ಸಂಬಳದ ಒಂದು ಭಾಗ ನಿಂತಿತ್ತು. ಬಾಗಿಲಿನಿಂದಲೋ ಕಿಟಕಿಯಿಂದಲೋ ಜನ ಹೊರಹೋಗಬೇಕು ಎಂಬರ್ಥದ ಮಾತನ್ನು ಮುಖ್ಯಸ್ಥ ದಿದಿಯೆ ಲೊಂಬಾರ್ 2006ರ ಸಭೆಯೊಂದರಲ್ಲಿ ಆಡಿದ್ದರು. ನ್ಯಾಯಾಲಯ ಪರಿಶೀಲಿಸಿದ 39 ನೌಕರರ ಪ್ರಕರಣಗಳಲ್ಲಿ 19 ಆತ್ಮಹತ್ಯೆಗಳು, 12 ಆತ್ಮಹತ್ಯಾ ಯತ್ನಗಳು. 2019ರ ಡಿಸೆಂಬರ್ 20ರಂದು ಲೊಂಬಾರ್ ಮತ್ತು ಇತರರು ತಪ್ಪಿತಸ್ಥರೆಂದು ತೀರ್ಪಾಯಿತು, ಕಂಪನಿಗೆ 75,000 ಯೂರೊ ದಂಡ ಬಿತ್ತು. ಮೇಲ್ಮನವಿಯಲ್ಲಿ, ಲೊಂಬಾರ್ ಅವರಿಗೆ ಮೊದಲು ವಿಧಿಸಿದ್ದ ಸೆರೆವಾಸ ಪೂರ್ತಿ ಅಮಾನತಿಗೆ ಇಳಿಯಿತಾದರೂ ಅಪರಾಧದ ತೀರ್ಮಾನ ಉಳಿಯಿತು, ಮತ್ತು 2025ರ ಜನವರಿಯಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ದಂಡದ ಮೊತ್ತ ಅಷ್ಟು ದೊಡ್ಡ ಕಂಪನಿಗೆ ಚಿಲ್ಲರೆ ಕಾಸು. ತೀರ್ಪಿನ ಬೆಲೆ ಬೇರೆ ಕಡೆ ಇದೆ. ನೊಂದ ನೌಕರನನ್ನು ಲೊಂಬಾರ್ ಕಣ್ಣಾರೆ ಕಂಡಿರಬೇಕಿಲ್ಲ, ಅವರು ಹಾಕಿದ ನೀತಿಯೇ ಕಿರುಕುಳವಾಗಬಲ್ಲದು ಎಂದು ಅದು ಒಪ್ಪಿತು.

ಜಪಾನ್ ಇದೇ ವಿಷಯವನ್ನು ‘ಪವರ್ ಹರಾಸ್ಮೆಂಟ್’ ಎಂದು ಕರೆದು 2019ರಲ್ಲಿ ಕಾನೂನು ತಿದ್ದಿತು. ಅಲ್ಲಿನ ಸರ್ಕಾರಿ ವರ್ಗೀಕರಣದಲ್ಲಿ ವಿಪರೀತ ಕೆಲಸ ಹೇರುವುದರ ಜತೆಗೆ ಯೋಗ್ಯತೆಗಿಂತ ತೀರಾ ಕಡಿಮೆ ಕೆಲಸ ಕೊಡುವುದೂ ಕಿರುಕುಳದ ಪಟ್ಟಿಯಲ್ಲಿದೆ. ದಕ್ಷಿಣ ಕೊರಿಯದ ಕಾನೂನು 2019ರ ಜುಲೈನಿಂದ ಜಾರಿಯಲ್ಲಿದೆ. ಆಸ್ಟ್ರೇಲಿಯದಲ್ಲಿ 2014ರಿಂದ, ಕಿರುಕುಳ ನಿಲ್ಲಿಸುವ ಆದೇಶ ಬೇಕೆಂದು ನೌಕರರು ನೇರವಾಗಿ ಅಲ್ಲಿನ ಕಾರ್ಮಿಕ ಆಯೋಗದ ಮುಂದೆ ಹೋಗಬಹುದು. ಪರಿಹಾರಧನದ ಬದಲು ಕಾಟ ನಿಲ್ಲಲಿ ಎಂಬ ಬೇಡಿಕೆಗೇ ಅಲ್ಲಿ ಒಂದು ವೇದಿಕೆ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 190ನೆಯ ಒಡಂಬಡಿಕೆ 2019ರ ಜೂನ್‌ನಲ್ಲಿ ಅಂಗೀಕಾರವಾಗಿ 2021ರಲ್ಲಿ ಜಾರಿಗೆ ಬಂತು. ಕೆಲಸದ ಲೋಕದ ಎಲ್ಲ ಬಗೆಯ ಹಿಂಸೆ ಮತ್ತು ಕಿರುಕುಳವನ್ನು ಅದು ಒಂದೇ ಚೌಕಟ್ಟಿನೊಳಗೆ ತರುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. ಇದೇ ಸಂಘಟನೆ 2022ರಲ್ಲಿ ಪ್ರಕಟಿಸಿದ ಜಾಗತಿಕ ಸಮೀಕ್ಷೆಯಲ್ಲಿ ಶೇ 22.8ರಷ್ಟು ಉದ್ಯೋಗಿಗಳು ಕೆಲಸದಲ್ಲಿ ಒಂದಲ್ಲ ಒಂದು ಬಗೆಯ ಹಿಂಸೆ ಅಥವಾ ಕಿರುಕುಳ ಕಂಡಿದ್ದೇವೆ ಎಂದಿದ್ದರು. ಮಾನಸಿಕ ಕಿರುಕುಳವೊಂದೇ ಶೇ 17.9.

ಲಕ್ಷಣಗಳು

ಬಯ್ಯುವುದು, ಕಡತ ಎಸೆಯುವುದು, ಎಲ್ಲರೆದುರು ಏಕವಚನದಲ್ಲಿ ಗದರುವುದು ಎದ್ದು ಕಾಣುವ ಲಕ್ಷಣಗಳು. ಇವನ್ನು ಗುರುತಿಸಲು ಲೇಖನ ಬೇಕಿಲ್ಲ. ಸದ್ದಿಲ್ಲದ ಬಗೆಗಳು ಹೆಚ್ಚು ಹಾನಿಕರ. ಮಾಡಿದ ಕೆಲಸದಿಂದ ಹೆಸರು ತೆಗೆದುಹಾಕುವುದು, ಬೇಕಾದ ಮಾಹಿತಿಯನ್ನು ತಡೆದು ಕೊನೆಗೆ ತಡವಾಯಿತೆಂದು ದೂರುವುದು, ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಗಿಡುವುದು, ಊಟಕ್ಕೆ ಕುಳಿತಾಗ ಒಬ್ಬೊಬ್ಬರೇ ಎದ್ದುಹೋಗುವುದು, ಎಲ್ಲರಿಗೂ ಸಿಗುವ ರಜೆ ಒಬ್ಬರಿಗೆ ಮಾತ್ರ ಸಿಗದಿರುವುದು, ವಾರಾಂತ್ಯದ ರಾತ್ರಿ ಕೆಲಸ ಹೇಳಿ ಸೋಮವಾರ ಬೆಳಗ್ಗೆ ಅದು ಬೇಡವಾಗಿತ್ತು ಎನ್ನುವುದು.

ಕಠಿಣ ಅಧಿಕಾರಿಯೆಲ್ಲ ಕಿರುಕುಳ ಕೊಡುವವರಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಕೆಲಸ ಸರಿಯಿಲ್ಲವೆಂದು ಹೇಳುವುದು, ತಡವಾಗಿ ಬಂದದ್ದಕ್ಕೆ ನೋಟಿಸ್ ಕೊಡುವುದು, ಬಡ್ತಿ ನಿರಾಕರಿಸುವುದು ಕಹಿಯಾದರೂ ಆಡಳಿತದ ಸಹಜ ಭಾಗ. ಆಸ್ಟ್ರೇಲಿಯದ ಕಾನೂನು ‘ಸಮಂಜಸ ರೀತಿಯಲ್ಲಿ ಕೈಗೊಂಡ ಸಮಂಜಸ ಆಡಳಿತ ಕ್ರಮ’ವನ್ನು ಸ್ಪಷ್ಟವಾಗಿ ಹೊರಗಿಡುತ್ತದೆ. ಎರಡನ್ನೂ ಬೇರ್ಪಡಿಸುವಾಗ ನೋಡಬೇಕಾದದ್ದು ಮಾತಿನ ಬಿರುಸಿಗಿಂತ ನಡವಳಿಕೆಯ ಲೆಕ್ಕ. ಅದೇ ತಪ್ಪಿಗೆ ಬೇರೆಯವರಿಗೂ ಅದೇ ಮಾತು ಬಿದ್ದಿತೇ? ಟೀಕೆ ಕೆಲಸದ ಮೇಲೋ, ಮನುಷ್ಯನ ಜಾತಿ, ಭಾಷೆ, ಮೈಬಣ್ಣ, ಮನೆಯ ಮೇಲೋ? ಸರಿಪಡಿಸಿಕೊಳ್ಳಲು ದಾರಿ ತೋರಿಸಿದರೇ, ಕಾಲಾವಕಾಶ ಕೊಟ್ಟರೇ? ಸರಿಪಡಿಸಿಕೊಂಡ ಮೇಲೆ ಟೀಕೆ ನಿಂತಿತೇ? ಈ ಕೊನೆಯ ಪ್ರಶ್ನೆಯೇ ಹೆಚ್ಚು ಹೇಳುತ್ತದೆ. ಕೆಲಸ ಸುಧಾರಿಸಲೆಂದು ಬಯ್ಯುವವರು ಸುಧಾರಿಸಿದ ದಿನ ಸುಮ್ಮನಾಗುತ್ತಾರೆ.

ದೇಹ ಮನಸ್ಸಿಗಿಂತ ಮೊದಲೇ ಸುಳಿವು ಕೊಡುವುದುಂಟು. ಭಾನುವಾರ ಸಂಜೆಯಿಂದ ಹೊಟ್ಟೆ ತೊಳಸುವುದು, ನಸುಕಿನಲ್ಲಿ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಮೊಬೈಲು ಸದ್ದಾದರೆ ಬೆಚ್ಚುವುದು, ಮನೆಮಂದಿಯ ಮೇಲೆ ಕಾರಣವಿಲ್ಲದೆ ರೇಗುವುದು. ಫಿನ್ಲೆಂಡಿನ ಆಸ್ಪತ್ರೆ ನೌಕರರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನ, ದೀರ್ಘಕಾಲದ ಕಿರುಕುಳಕ್ಕೂ ಖಿನ್ನತೆ ಮತ್ತು ಹೃದ್ರೋಗಕ್ಕೂ ನಂಟಿರುವುದನ್ನು ತೋರಿಸಿತು.

ಕರ್ನಾಟಕದ ದುಡಿಮೆಯ ತಾಣಗಳು

ಬೆಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಮೇಲ್ವಿಚಾರಕರಲ್ಲಿ ಹೆಚ್ಚಿನವರು ಗಂಡಸರು. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಅಲ್ಲಿ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಅದು ತಪ್ಪಿದರೆ ಬೈಗುಳ, ಶೌಚಾಲಯಕ್ಕೆ ಹೋದರೆ ಲೆಕ್ಕ, ಊಟದ ಬಿಡುವಿನಲ್ಲಿ ಖೋತಾ. ವಿದೇಶಿ ಬ್ರ್ಯಾಂಡು ದರ ಇಳಿಸುತ್ತದೆ, ಕಾರ್ಖಾನೆ ಟಾರ್ಗೆಟ್ ಏರಿಸುತ್ತದೆ, ಏರಿದ ಭಾರವನ್ನು ಮೇಲ್ವಿಚಾರಕ ಬೈಗುಳವಾಗಿ ಮಷಿನ್ ಮುಂದೆ ಕುಳಿತವಳ ಮೇಲೆ ಇಳಿಸುತ್ತಾನೆ. ಅವನನ್ನು ಬದಲಿಸಿದರೂ ಬರುವವನು ಅದೇ ಭಾರ ಹೊತ್ತೇ ಬರುತ್ತಾನೆ. ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ಪ್ರೆಮಿಲ್ಲಾ ಡಿಕ್ರೂಜ್ ಮತ್ತು ಅರ್ನೆಸ್ಟೊ ನೊರೊನ್ಹಾ, ಮುಂಬೈ ಮತ್ತು ಬೆಂಗಳೂರಿನ ಕಾಲ್‌ಸೆಂಟರ್ ನೌಕರರೊಂದಿಗೆ ನಡೆಸಿದ ಅಧ್ಯಯನದಲ್ಲಿ ಇಂಥದ್ದನ್ನೇ ಕಂಡು, ವ್ಯಕ್ತಿದ್ವೇಷವಿಲ್ಲದ ಕಿರುಕುಳವೂ ಉಂಟೆಂದು ವಾದಿಸಿದ್ದಾರೆ. ಭಾರತದಿಂದ ಈ ಕ್ಷೇತ್ರಕ್ಕೆ ಸಂದ ಮುಖ್ಯ ಕೊಡುಗೆ ಇದು. ಕಿರುಕುಳ ಕೊಡುವವರ ಸ್ವಭಾವವನ್ನು ಬಗೆಬಗೆಯಾಗಿ ವರ್ಣಿಸುವ ಜನಪ್ರಿಯ ಪುಸ್ತಕಗಳಿಗಿಂತ ಈ ವಿವರಣೆ ನಮ್ಮ ಕಾರ್ಖಾನೆ, ಬ್ಯಾಂಕುಗಳಿಗೆ ಹೆಚ್ಚು ಒಪ್ಪುತ್ತದೆ. 2023ರ ಜೂನ್‌ನಲ್ಲಿ ಖಾಸಗಿ ಬ್ಯಾಂಕೊಂದರ ಅಧಿಕಾರಿ ಆನ್‌ಲೈನ್ ಸಭೆಯಲ್ಲಿ ಮಾರಾಟದ ಗುರಿ ತಲುಪದ ಸಿಬ್ಬಂದಿಯ ಮೇಲೆ ಕೂಗಾಡಿದ ವಿಡಿಯೊ ಹರಿದಾಡಿ, ಅವರನ್ನು ಅಮಾನತು ಮಾಡಲಾಯಿತು. ವಿಡಿಯೊ ನೋಡಿದ ಬ್ಯಾಂಕ್ ನೌಕರರಲ್ಲಿ ಅನೇಕರಿಗೆ ಅಚ್ಚರಿಯಾದದ್ದು ಕೂಗಾಟಕ್ಕಲ್ಲ, ಅಮಾನತಿಗೆ.

ಐಟಿ ಕಂಪನಿಗಳಲ್ಲಿ ದನಿ ಏರುವುದು ಕಡಿಮೆ, ಕಾಗದ ಹೆಚ್ಚು. ‘ಪಿಐಪಿ’ ಎಂದೇ ಎಲ್ಲರೂ ಕರೆಯುವ ಕಾರ್ಯಕ್ಷಮತೆ ಸುಧಾರಣಾ ಯೋಜನೆ ಸರಿಯಾಗಿ ಬಳಸಿದರೆ ಉದ್ಯೋಗಿಗೆ ಒಂದು ಅವಕಾಶ. ಅಳೆಯಲಾಗದ ಗುರಿ, ಸಾಲದ ಗಡುವು, ಯೋಜನೆಯ ಮೊದಲ ವಾರದಲ್ಲೇ ಬೇರೆಯವರಿಗೆ ಹಸ್ತಾಂತರವಾಗುವ ಕೆಲಸ, ಈ ಮೂರೂ ಕೂಡಿದರೆ ತೀರ್ಮಾನ ಮೊದಲೇ ಆಗಿದೆ ಎಂದು ತಿಳಿಯಬಹುದು.

ಸರ್ಕಾರಿ ಕಚೇರಿಯ ಆಯುಧಗಳು ಬೇರೆ. ಕಾರಣ ಕೇಳಿ ನೋಟಿಸ್, ಗೌಪ್ಯ ವರದಿಯಲ್ಲಿ ಒಂದು ಸಾಲು, ತಡೆಹಿಡಿದ ವೇತನ ಬಡ್ತಿ, ಮಕ್ಕಳ ಪರೀಕ್ಷೆಯ ಹೊತ್ತಿಗೆ ಬರುವ ವರ್ಗಾವಣೆ, ಅದಕ್ಕೂ ಮಿಗಿಲಾದ ಸ್ಥಳ ತೋರಿಸದ ವರ್ಗಾವಣೆ. ಕೆಲಸವಿಲ್ಲದೆ, ಕುರ್ಚಿಯಿಲ್ಲದೆ ಆದೇಶಕ್ಕಾಗಿ ಕಾಯುವ ನೌಕರನಿಗೆ ಆಗುವ ಅವಮಾನ ಯಾವ ಬೈಗುಳಕ್ಕೂ ಕಡಿಮೆಯಲ್ಲ. ಈ ಆಯುಧಗಳನ್ನು ಸುಪ್ರೀಂ ಕೋರ್ಟ್ ಒಂದಿಷ್ಟು ಮೊಂಡಾಗಿಸಿದೆ. ವಾರ್ಷಿಕ ಗೌಪ್ಯ ವರದಿಯ ಪ್ರತಿ ನಮೂದನ್ನೂ ನೌಕರನಿಗೆ ತಿಳಿಸಲೇಬೇಕೆಂದು 2008ರ ದೇವ್ ದತ್ ಪ್ರಕರಣದಲ್ಲೂ, ಶಿಕ್ಷೆಯ ಬದಲಿಗೆ ವರ್ಗಾವಣೆ ಮಾಡುವುದು ದುರುದ್ದೇಶದ ಕ್ರಮವೆಂದು ಸೋಮೇಶ್ ತಿವಾರಿ ಪ್ರಕರಣದಲ್ಲೂ ಅದು ಹೇಳಿತು. ಕರ್ನಾಟಕದ ನೌಕರರು ಇಂಥ ಅಹವಾಲುಗಳನ್ನು ಹೊತ್ತು ಮೊದಲು ಹೋಗುವುದು ರಾಜ್ಯ ಆಡಳಿತ ನ್ಯಾಯಮಂಡಳಿಗೆ.

ಪೊಲೀಸ್ ಇಲಾಖೆಯಲ್ಲಿ ಸಂಘ ಕಟ್ಟುವ ಹಕ್ಕಿಗೇ ನಿರ್ಬಂಧವಿದೆ. 2016ರ ಜೂನ್ 4ರಂದು ಕರ್ನಾಟಕದ ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆಗೆ ಕರೆ ಕೊಟ್ಟಾಗ ಅವರ ಅಹವಾಲುಗಳಲ್ಲಿ ಸಂಬಳ, ವಾರದ ರಜೆಗಳ ಜತೆ ಮೇಲಧಿಕಾರಿಗಳ ಕಿರುಕುಳವೂ ಇತ್ತು. ಆ ದಿನ ಮುಷ್ಕರ ನಡೆಯಲಿಲ್ಲ. ಶಿಸ್ತಿನ ಹೆಸರಿನಲ್ಲಿ ನಡೆಯುವುದನ್ನೆಲ್ಲ ಶಿಸ್ತೆಂದು ಒಪ್ಪಲಾಗದೆಂಬ ಮಾತು ಮಾತ್ರ ಬಹಿರಂಗವಾಗಿ ಕೇಳಿಬಂತು.

ಭಾರತದ ಕಾನೂನಿನಲ್ಲಿ

ಸಾಮಾನ್ಯ ಕಿರುಕುಳಕ್ಕೆಂದೇ ಒಂದು ಕಾಯಿದೆ ಇಲ್ಲದಿರುವುದರಿಂದ, ನೊಂದವರು ತಮ್ಮ ಅನುಭವವನ್ನು ಇರುವ ಯಾವುದಾದರೊಂದು ಕಾಯಿದೆಯ ಅಳತೆಗೆ ಕತ್ತರಿಸಿ ಹೊಂದಿಸಬೇಕಾಗುತ್ತದೆ. ಹೆಚ್ಚು ಗಟ್ಟಿಯಾಗಿರುವುದು ಲೈಂಗಿಕ ಕಿರುಕುಳದ ಕಾಯಿದೆ. 1997ರ ವಿಶಾಖಾ ತೀರ್ಪಿನ ಮಾರ್ಗಸೂಚಿಯಿಂದ ಬೆಳೆದ 2013ರ ಕಾಯಿದೆಯಂತೆ, ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಮೂರು ತಿಂಗಳೊಳಗೆ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಸಣ್ಣ ಅಂಗಡಿ, ಮನೆಗೆಲಸದವರಿಗೆ, ಮಾಲೀಕನ ಮೇಲೇ ದೂರಿರುವವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಆದರೆ ಲೈಂಗಿಕ ಸ್ವರೂಪವಿಲ್ಲದ ಕಿರುಕುಳ ಈ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ, ಗಂಡಸರ ದೂರೂ ಬರುವುದಿಲ್ಲ.

ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ಅವಮಾನಿಸುವುದು, ಜಾತಿ ಹೆಸರು ಹಿಡಿದು ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯಿದೆಯಡಿ ಅಪರಾಧ. ‘ಸಾರ್ವಜನಿಕರ ಕಣ್ಣಿಗೆ’ ಎಂಬ ಷರತ್ತೇ ಇಲ್ಲಿ ತೊಡಕು. ನಾಲ್ಕು ಗೋಡೆಯೊಳಗೆ, ಸಾರ್ವಜನಿಕರು ಯಾರೂ ಇಲ್ಲದಾಗ ಆಡಿದ ಮಾತು ಈ ಕಲಮಿನಡಿ ಬಾರದೆಂದು 2020ರ ಹಿತೇಶ್ ವರ್ಮಾ ತೀರ್ಪು ಹೇಳಿತು. ಬಾಗಿಲು ಮುಚ್ಚಿದ ಕ್ಯಾಬಿನ್ನಿನಲ್ಲೇ ಬಹಳಷ್ಟು ಮಾತು ನಡೆಯುವುದೆಂಬುದು ಕಚೇರಿಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಅಂಗವಿಕಲರನ್ನು ಹೀಗೆ ಅವಮಾನಿಸುವುದಕ್ಕೆ 2016ರ ಕಾಯಿದೆಯಲ್ಲಿ ಶಿಕ್ಷೆಯಿದೆ. ಅಲ್ಲೂ ಅದೇ ಷರತ್ತು.

ಕಾರ್ಮಿಕ ಕಾನೂನಿನ ‘ಅನ್ಯಾಯದ ಕಾರ್ಮಿಕ ಪದ್ಧತಿ’ಗಳ ಪಟ್ಟಿಯಲ್ಲಿ ಆಡಳಿತ ನೀತಿಯ ಸೋಗಿನ ದುರುದ್ದೇಶದ ವರ್ಗಾವಣೆ ಹಿಂದಿನಿಂದಲೂ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದು ಉಳಿದಿದೆ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಕಡ್ಡಾಯ. ವ್ಯವಸ್ಥಾಪಕ ಹುದ್ದೆಯವರು ಈ ರಕ್ಷಣೆಯ ಹೊರಗೆ. ಕರ್ನಾಟಕದ ಐಟಿ ಉದ್ಯಮಕ್ಕೆ, ಸೇವಾ ಷರತ್ತುಗಳನ್ನು ನಿಗದಿಪಡಿಸುತ್ತಿದ್ದ ಸ್ಥಾಯಿ ಆದೇಶಗಳ ಕಾಯಿದೆಯಿಂದ 2014ರಲ್ಲಿ ರಾಜ್ಯ ಸರ್ಕಾರ ಕೊಟ್ಟ ವಿನಾಯಿತಿ 2019ರಲ್ಲಿ, ಮತ್ತೆ 2024ರಲ್ಲಿ ಮುಂದುವರಿಯಿತು. ಅದರ ಷರತ್ತುಗಳಲ್ಲಿ ಆಡಳಿತ ಮತ್ತು ನೌಕರರ ಸಮ ಸಂಖ್ಯೆಯ ಪ್ರತಿನಿಧಿಗಳಿರುವ ಕುಂದುಕೊರತೆ ಸಮಿತಿ, ಅಮಾನತು-ವಜಾಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸುವುದು ಸೇರಿದ್ದವು. ತಮ್ಮ ಕಂಪನಿಯಲ್ಲಿ ಅಂಥ ಸಮಿತಿ ಇದೆಯೇ ಎಂದು ಒಮ್ಮೆ ಮೇಲ್ ಹಾಕಿ ಕೇಳಿದರೆ ಸಿಗುವ ಉತ್ತರವೇ ಒಂದು ಮಾಹಿತಿ. 2017ರಲ್ಲಿ ಹುಟ್ಟಿದ ರಾಜ್ಯ ಐಟಿ ನೌಕರರ ಸಂಘ ‘ಕಿಟು’ ಇಂಥ ಪ್ರಕರಣಗಳನ್ನು ಕಾರ್ಮಿಕ ಇಲಾಖೆಗೆ ಒಯ್ಯುತ್ತದೆ.

ಕಿರುಕುಳ ಆತ್ಮಹತ್ಯೆಯಲ್ಲಿ ಕೊನೆಗೊಂಡಾಗ ಮಾತ್ರ ಸುದ್ದಿಯಾಗುವುದು, ಪ್ರಚೋದನೆಯ ಮೊಕದ್ದಮೆ ಹೂಡುವುದು ನಮ್ಮಲ್ಲಿ ರೂಢಿ. ಆ ದಾರಿ ಬಹುತೇಕ ಮುಚ್ಚಿದೆ. ದೂರಸಂಪರ್ಕ ಇಲಾಖೆಯ ಚಾಲಕನೊಬ್ಬ ಮೇಲಧಿಕಾರಿಯ ಹೆಸರು ಬರೆದಿಟ್ಟು ಸತ್ತ ಪ್ರಕರಣವನ್ನು 2010ರ ಮದನ್ ಮೋಹನ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ರದ್ದುಗೊಳಿಸಿತು. 2024ರ ನಿಪುಣ್ ಅನೇಜಾ ತೀರ್ಪಿನಲ್ಲೂ ಹಾಗೇ ಆಯಿತು. ಸಾಯಲಿ ಎಂಬ ಉದ್ದೇಶದಿಂದ ನೇರವಾಗಿ ಪ್ರಚೋದಿಸಿದ್ದು ಸಾಬೀತಾಗಬೇಕು, ಬರೀ ಕಿರುಕುಳ ಸಾಲದು. ಕ್ರಿಮಿನಲ್ ಕಾನೂನಿನ ದೃಷ್ಟಿಯಿಂದ ಇದು ತಪ್ಪೆನ್ನಲಾಗದು. ಸಮಸ್ಯೆಯೆಂದರೆ, ಬದುಕಿರುವಾಗ ಮೊರೆಹೋಗಬಹುದಾದ ಹಗುರ ಕಾನೂನು ಇಲ್ಲ, ಸತ್ತ ಮೇಲೆ ಇರುವ ಭಾರಿ ಕಾನೂನು ತಾಗುವುದಿಲ್ಲ.

ಎದುರಿಸುವ ಬಗೆ

ಎಲ್ಲಕ್ಕೂ ಮೊದಲು ದಾಖಲೆ. ನಡೆದ ದಿನವೇ ತಾರೀಖು, ಹೊತ್ತು, ಜಾಗ, ಆಡಿದ ಮಾತು ಇದ್ದದ್ದು ಇದ್ದಂತೆ, ಅಲ್ಲಿದ್ದವರ ಹೆಸರು ಬರೆದಿಡುವುದು. ‘ತುಂಬಾ ಅವಮಾನ ಮಾಡಿದರು’ ಎಂದು ಬರೆದರೆ ಪ್ರಯೋಜನವಿಲ್ಲ. ಏನೆಂದರು ಎಂಬುದು ಬೇಕು. ಒಂದು ನೋಟ್‌ಬುಕ್ಕಿನಲ್ಲಿ ಕೈಬರಹದಲ್ಲಿ ಬರೆದರೂ ಸಾಕು, ಆದರೆ ಅದು ಕಚೇರಿಯ ಕಂಪ್ಯೂಟರಿನಲ್ಲಿ ಇರಬಾರದು. ಕೆಲಸ ಹೋದ ದಿನ ಮೊದಲು ಮುಚ್ಚುವುದು ಲಾಗಿನ್. ಹಾಗೆಂದು ಕಂಪನಿಯ ಕಡತಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳುವುದು ಅಪಾಯಕಾರಿ. ಮಾಹಿತಿ ಸೋರಿಕೆಯ ಆರೋಪ ಹೊರಿಸಿ ವಜಾ ಮಾಡಲು ಅದಕ್ಕಿಂತ ಸುಲಭ ನೆಪ ಸಿಗದು. ಮಾತುಕತೆಯ ಧ್ವನಿಮುದ್ರಣವನ್ನು ಸಾಕ್ಷ್ಯವಾಗಿ ಹಾಜರುಪಡಿಸಬಹುದು, ಅದಕ್ಕೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕು. ಕಂಪನಿಯ ನಿಯಮ ಧ್ವನಿಮುದ್ರಣವನ್ನು ನಿಷೇಧಿಸಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಬಾಯಿಮಾತಿನ ಆದೇಶವನ್ನು ಕಾಗದಕ್ಕೆ ಇಳಿಸುವುದು ಎರಡನೆಯದು. ‘ನಿನ್ನೆ ಸಂಜೆ ತಾವು ತಿಳಿಸಿದಂತೆ ಈ ಕೆಲಸ ಕೈಬಿಟ್ಟು ಅದನ್ನು ಆರಂಭಿಸಿದ್ದೇನೆ, ತಪ್ಪಿದ್ದರೆ ತಿಳಿಸಿ’ ಎಂಬ ವಿನಯದ ಎರಡು ಸಾಲು ಸಾಕು. ಉತ್ತರ ಬಂದರೂ ದಾಖಲೆ, ಬಾರದಿದ್ದರೂ ದಾಖಲೆ. ಸರ್ಕಾರಿ ಅಧಿಕಾರಿಗಳಿಗಂತೂ, ಮೌಖಿಕ ಸೂಚನೆಗಳನ್ನು ಲಿಖಿತದಲ್ಲಿ ದಾಖಲಿಸಬೇಕೆಂಬ 2013ರ ಟಿ.ಎಸ್.ಆರ್. ಸುಬ್ರಮಣಿಯನ್ ತೀರ್ಪಿನ ಬೆಂಬಲವೇ ಇದೆ.

ಎದುರಿಗೆ ನಿಂತು ಹೇಳಬೇಕೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಆರಂಭದ ದಿನಗಳಲ್ಲಿ, ಇನ್ನೂ ಪೂರ್ತಿ ಗುರಿಯಾಗದಿರುವಾಗ, ‘ಹೀಗೆ ಎಲ್ಲರೆದುರು ಮಾತನಾಡಬೇಡಿ, ತಪ್ಪಿದ್ದರೆ ಕರೆದು ಹೇಳಿ’ ಎಂದು ದನಿ ಏರಿಸದೆ ಹೇಳಿದರೆ ಹಲವು ಸಲ ಅಲ್ಲಿಗೇ ನಿಲ್ಲುತ್ತದೆ. ತಿಂಗಳುಗಳು ಕಳೆದ ಮೇಲೆ ಅದೇ ಮಾತು ಎದುರುತ್ತರವೆಂದು ದಾಖಲಾಗಬಹುದು. ಸಿಟ್ಟಿನಲ್ಲಿ ಬರೆದ ಒಂದು ಮೇಲ್, ಎದುರು ಪಕ್ಷದವರ ವರ್ಷಗಳ ನಡವಳಿಕೆಯನ್ನು ಮರೆಸಿ ತಾನೇ ಕಡತದ ಮೊದಲ ಪುಟವಾಗಿ ಕೂರುತ್ತದೆ.

ಎಚ್‌ಆರ್ ವಿಭಾಗಕ್ಕೆ ಹೋಗುವವರು ಅದು ಕಂಪನಿಯ ವಿಭಾಗವೆಂಬುದನ್ನು ನೆನಪಿಟ್ಟುಕೊಳ್ಳಬೇಕು. ಅಲ್ಲಿ ಒಳ್ಳೆಯವರಿಲ್ಲವೆಂದಲ್ಲ, ಅವರ ಕರ್ತವ್ಯ ಸಂಸ್ಥೆಯನ್ನು ಕಾಯುವುದು. ಆದ್ದರಿಂದ ದೂರು ಅವರ ಭಾಷೆಯಲ್ಲಿರುವುದು ಲೇಸು. ವಿಶೇಷಣಗಳಿಲ್ಲದೆ, ತಾರೀಖಿನ ಕ್ರಮದಲ್ಲಿ, ಕಂಪನಿಯದೇ ಯಾವ ನಿಯಮ ಮುರಿದಿದೆ ಎಂದು ತೋರಿಸಿ, ಕೊನೆಗೆ ಏನು ಬೇಕೆಂದು ಸ್ಪಷ್ಟವಾಗಿ ಕೇಳುವುದು. ಮೇಲಧಿಕಾರಿ ಬದಲಾಗಬೇಕೇ, ವಿಭಾಗ ಬದಲಾಗಬೇಕೇ, ಮೌಲ್ಯಮಾಪನ ಬೇರೆಯವರಿಂದ ಆಗಬೇಕೇ? ‘ನ್ಯಾಯ ಬೇಕು’ ಎಂಬ ಬೇಡಿಕೆಗೆ ಯಾವ ಸಮಿತಿಯೂ ಆದೇಶ ಬರೆಯಲಾರದು. ಒಬ್ಬರೇ ಹೋಗುವುದಕ್ಕಿಂತ ಇಬ್ಬರು ಹೋಗುವುದಕ್ಕೆ, ಅದಕ್ಕಿಂತ ಸಂಘದ ಮೂಲಕ ಹೋಗುವುದಕ್ಕೆ ಬಲ ಹೆಚ್ಚು.

ನೋಡುತ್ತಾ ನಿಂತವರ ಪಾತ್ರ ಪುಸ್ತಕಗಳಲ್ಲಿ ಬರುವುದಕ್ಕಿಂತ ದೊಡ್ಡದು. ಸಹೋದ್ಯೋಗಿಗಳು ಸಭೆಯಲ್ಲಿ ಎದ್ದು ವಾದಿಸಬೇಕೆಂದು ನಿರೀಕ್ಷಿಸುವುದು ಹೆಚ್ಚಾಯಿತು, ಅವರಿಗೂ ಮನೆ ಸಾಲದ ಕಂತಿದೆ. ಸಭೆ ಮುಗಿದ ಮೇಲೆ ಬಂದು ಜತೆಗೆ ಕಾಫಿ ಕುಡಿಯುವುದು, ಕೇಳಿದಾಗ ಕಂಡದ್ದನ್ನು ಇಲ್ಲವೆನ್ನದಿರುವುದು, ಊಟದ ಮೇಜಿನಿಂದ ಎದ್ದುಹೋಗದಿರುವುದು ಎಲ್ಲರಿಂದಲೂ ಆಗುವಂಥವು. ಒಂಟಿಯಾಗಿಸುವುದೇ ತಂತ್ರವಾದಲ್ಲಿ ಇಷ್ಟೇ ಅದನ್ನು ಮುರಿಯುತ್ತದೆ.

ವೈದ್ಯರನ್ನು ಕಾಣಲು ಸಂಕೋಚ ಬೇಡ. ಚಿಕಿತ್ಸೆಗೆ ಚಿಕಿತ್ಸೆಯೂ ಆಯಿತು, ಮುಂದೆ ಬೇಕಾದಾಗ ಆ ಚೀಟಿ ತಾರೀಖು ಹೊತ್ತ ಸಾಕ್ಷಿಯೂ ಆಗುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳುತನದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿ ಉಚಿತವಾಗಿ, ಕನ್ನಡದಲ್ಲೂ ಮಾತನಾಡಬಹುದು. ಸಾಯುವ ಯೋಚನೆ ಸುಳಿದವರು ದಾಖಲೆ, ದೂರು ಎಲ್ಲವನ್ನೂ ಬದಿಗಿಟ್ಟು ಮೊದಲು ಈ ಸಂಖ್ಯೆಗೆ ಕರೆ ಮಾಡಬೇಕು, ಮನೆಯಲ್ಲಿ ಒಬ್ಬರಿಗಾದರೂ ಹೇಳಬೇಕು.

ಕೆಲಸ ಬಿಡುವುದು ಸೋಲಲ್ಲ, ಎಷ್ಟೋ ಸಲ ಅದೇ ಸರಿಯಾದ ಲೆಕ್ಕಾಚಾರ. ಆದರೆ ಬಿಡುವ ರೀತಿಗೆ ಕಾನೂನಿನ ಪರಿಣಾಮಗಳಿವೆ. ಎಚ್‌ಆರ್‌ನವರು ಎದುರು ಕೂರಿಸಿ ಬರೆಸುವ ರಾಜೀನಾಮೆಯಲ್ಲಿ ಸಾಮಾನ್ಯವಾಗಿ ಇರುವುದು ‘ವೈಯಕ್ತಿಕ ಕಾರಣಗಳಿಂದ’ ಎಂಬ ಮಾತು. ಹಾಗೆ ಬರೆದುಕೊಟ್ಟು ಆಮೇಲೆ ಬಲವಂತದ ರಾಜೀನಾಮೆ ಎಂದು ಕಾರ್ಮಿಕ ನ್ಯಾಯಾಲಯದಲ್ಲಿ ಸಾಧಿಸುವುದು ಬಹಳ ಕಷ್ಟ. ಕಾರಣವನ್ನೇ ನಮೂದಿಸದಿರಬಹುದು, ಅಥವಾ ಕೊಟ್ಟ ದೂರಿನ ತಾರೀಖನ್ನು ಉಲ್ಲೇಖಿಸಬಹುದು. ಬಲವಂತದಿಂದ ಸಹಿ ಹಾಕಿಸಿಕೊಂಡಿದ್ದರೆ ಅದೇ ದಿನ, ತಡವೆಂದರೆ ಮರುದಿನ, ಹಿಂದಕ್ಕೆ ಪಡೆಯುವುದಾಗಿ ಮೇಲ್ ಕಳಿಸಬೇಕು. ಐದು ವರ್ಷ ತುಂಬಲು ಕೆಲವೇ ವಾರಗಳಿದ್ದರೆ ಗ್ರಾಚ್ಯುಟಿಯ ಲೆಕ್ಕ ನೋಡಿ ತಾರೀಖು ಆರಿಸಿಕೊಳ್ಳಬೇಕು. ರಾಜೀನಾಮೆ ಹಿಂದಕ್ಕೆ ಪಡೆಯುವ ವಿಷಯದಲ್ಲಿ ನೌಕರರ ನೆರವಿಗೆ ಒಂದು ತೀರ್ಪಿದೆ. 23 ವರ್ಷ ಸೇವೆ ಸಲ್ಲಿಸಿ 2013ರ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟ ಕೊಂಕಣ ರೈಲ್ವೆ ನೌಕರರೊಬ್ಬರು ಮರುವರ್ಷದ ಮೇ ತಿಂಗಳಲ್ಲಿ ಅದನ್ನು ಹಿಂದಕ್ಕೆ ಪಡೆದಿದ್ದರು. ರಾಜೀನಾಮೆ ಆಗಲೇ ಅಂಗೀಕಾರವಾಗಿದೆ ಎಂದು ಸಂಸ್ಥೆ ವಾದಿಸಿತು. ಕರ್ನಾಟಕ ಹೈಕೋರ್ಟಿನಿಂದ ಮೇಲ್ಮನವಿಯಾಗಿ ಬಂದ ಈ ಪ್ರಕರಣದಲ್ಲಿ, ಅಂಗೀಕಾರ ನೌಕರನಿಗೆ ತಲುಪದೆ ಕಚೇರಿಯ ಕಡತದೊಳಗೇ ಉಳಿದಿದ್ದರೆ ರಾಜೀನಾಮೆ ಅಂತಿಮವಾಗದೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿ, ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಆದೇಶಿಸಿತು.